ಎಡಗೈ ಮೊದಲು

"ಅರ್ಧ ದಿನದ ಬಾಡಿಗೆ ಮೂವತ್ತೆರಡು ಡಾಲರ್! ಅದೂ ಒಂದು ಪುಟ್ಟ ಸೈಕಲ್‌ಗೆ!"

ಕಾರಿನ ಹಿಂದಿನ ರ‍್ಯಾಕಿನಿಂದ ಸೈಕಲ್ ಇಳಿಸುತ್ತಾ ಅಪ್ಪ ಹೇಳಿದರು. "ಇದಕ್ಕೆ ಎಷ್ಟಾಯ್ತು ಗೊತ್ತಾ ಭಾನು? ಗರಾಜ್ ಸೇಲ್‌ನಲ್ಲಿ, ಸೆಕೆಂಡ್‌ಹ್ಯಾಂಡ್, ಹದಿನೈದು. ಬ್ರೇಕ್ ಕೇಬಲ್ಲು ಎಂಟು. ಟ್ಯೂಬು ಆರು. ಒಟ್ಟು ಇಪ್ಪತ್ತೊಂಬತ್ತು. ಒಂದೇ ರೈಡ್‌ಗೆ ಅಸಲು ಬಂತು, ಮೇಲೆ ಮೂರು ಡಾಲರ್ ಲಾಭ!"

"ನೀವು ಬಿಡಿ ಭಾವ," ಎಂದು ಭಾನು ಚಿಕ್ಕಮ್ಮ ನಕ್ಕರು.

ಇಳಾ ನಗಲಿಲ್ಲ. ಅಪ್ಪ ಇದನ್ನು ಇಷ್ಟು ಜೋರಾಗಿ ಹೇಳಬಾರದಿತ್ತು. ಚಿಕ್ಕಮ್ಮನ ಮಗ ಋಷಿ ಅಲ್ಲೇ ನಿಂತಿದ್ದ. ಅವನ ಕಿವಿ ಬಲು ಚುರುಕು.

"ಫಿಫ್ಟೀನ್ ಡಾಲರ್ಸ್?" ಋಷಿ ಹುಬ್ಬು ಏರಿಸಿದ. "ನನ್ನ ಹೆಲ್ಮೆಟ್‌ಗೇ ಫಾರ್ಟಿ."

ಅವನ ಸೈಕಲ್ ಹೊಸದು. ಹಸಿರು ಬಣ್ಣ, ಹದಿನಾಲ್ಕು ಗೇರ್, ಡಿಸ್ಕ್ ಬ್ರೇಕ್. ಇಳಾಳ ಸೈಕಲ್ಲಿಗೆ ಒಂದು ಕಾಲದಲ್ಲಿ ನೇರಳೆ ಬಣ್ಣ ಇದ್ದಿರಬೇಕು. ಹ್ಯಾಂಡಲ್ಲಿನ ಹಿಡಿ ಹರಿದಿದ್ದರಿಂದ ಅಪ್ಪ ಕಪ್ಪು ಟೇಪ್ ಸುತ್ತಿದ್ದರು. ಋಷಿ ಆ ಟೇಪನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಇದು ಸೈಕಲ್ಲಾ, ಪಾರ್ಸೆಲ್ಲಾ?"

"ಮುಟ್ಬೇಡ ಕಣೋ," ಎಂದಳು ಇಳಾ.

ಅಮೆರಿಕದ ಹಾಲೆಂಡ್ ಎಂಬ ಊರಿನ ಬೀಚಿನ ಪಾರ್ಕಿಂಗ್ ಲಾಟ್ ಅದು. ಎದುರಿಗೆ ಲೇಕ್ ಮಿಷಿಗನ್. ಹೆಸರಿಗೆ ಸರೋವರ, ನೋಡಿದರೆ ಸಮುದ್ರ. ಆಚೆ ದಡ ಕಾಣುವುದೇ ಇಲ್ಲ. ಅಲೆ, ಮರಳು, ತಿಂಡಿ ಕಸಿಯುವ ಸೀಗಲ್ ಹಕ್ಕಿಗಳು ಎಲ್ಲವೂ ಇವೆ. ಉಪ್ಪು ಒಂದಿಲ್ಲ.

ಇಳಾಳ ಮನೆಯವರು ಕ್ಯಾಂಟನ್ ಊರಿನಿಂದ ಬಂದಿದ್ದರು, ಋಷಿ ಮತ್ತು ಚಿಕ್ಕಮ್ಮ ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಿಂದ. ಇಬ್ಬರಿಗೂ ಹೆಚ್ಚುಕಡಿಮೆ ಸಮದೂರ. ಆದರೆ ಶಿಕಾಗೋ ಕಡೆಯ ಗಡಿಯಾರ ಒಂದು ಗಂಟೆ ಹಿಂದೆ. ಹಾಗಾಗಿ ಚಿಕ್ಕಮ್ಮ ಯಾವಾಗಲೂ ತಡ, ಯಾವಾಗಲೂ "ನಮ್ಮ ಟೈಮಲ್ಲಿ ಕರೆಕ್ಟಾಗೇ ಬಂದಿದೀವಿ ಕಣೇ ಅಕ್ಕ" ಎನ್ನುವುದೂ ತಪ್ಪುವುದಿಲ್ಲ.

ಇಲ್ಲಿಂದ ಗ್ರ್ಯಾಂಡ್ ಹೇವನ್ ಊರಿಗೆ ಇಪ್ಪತ್ತು ಮೈಲಿ. ದಂಡೆಯ ಪಕ್ಕದಲ್ಲೇ ಸೈಕಲ್ ದಾರಿ. ಮರಗಳ ನೆರಳು, ಬಹುಪಾಲು ಸಮತಟ್ಟು. ಅಮ್ಮ ಕಾರಿನಲ್ಲಿ ಬುತ್ತಿ ಇಟ್ಟುಕೊಂಡು ಮುಂದೆ ಹೋಗುವುದು, ಉಳಿದ ನಾಲ್ವರು ಸೈಕಲ್ ತುಳಿಯುವುದು ಎಂದು ಮಾತಾಗಿತ್ತು.

"ಚಿಕ್ಕ ಮಕ್ಕಳೂ ಮಾಡೋ ರೈಡ್ ಇದು. ಸೋ ಈಸಿ," ಎಂದು ಋಷಿ ಹೊರಟೇಬಿಟ್ಟ.

ಅವನಿಗೆ ಇಳಾಳನ್ನು ಸೋಲಿಸುವುದೇ ಒಂದು ಕೆಲಸ. ಇಳಾ ಅವನಿಗಿಂತ ಮೂರು ವಾರ ದೊಡ್ಡವಳು. "ಅಕ್ಕ ಅನ್ನೋ" ಎಂದು ಚಿಕ್ಕಮ್ಮ ಹೇಳಿ ಹೇಳಿ ಸಾಕಾಗಿದ್ದರು. ಅವನು ಒಂದು ಸಲವೂ ಅಂದಿರಲಿಲ್ಲ.

* * *

ಅರ್ಧ ದಾರಿಯ ಪಾರ್ಕಿನಲ್ಲಿ ಅಮ್ಮ ಬುತ್ತಿ ಬಿಚ್ಚಿದರು. ಪುಳಿಯೋಗರೆ, ಮೊಸರನ್ನ, ಜೊತೆಗೆ ಚಿಪ್ಸ್. ಋಷಿ ಎಲ್ಲರಿಗಿಂತ ಮೊದಲು ಬಂದಿದ್ದ. ತಿನ್ನುವಷ್ಟು ಹೊತ್ತೂ ಅದನ್ನೇ ಹೇಳಿದ.

ಊಟವಾದ ಮೇಲೆ ಅಮ್ಮ ಕಾರು ಹತ್ತಿದರು. "ನಾನು ಗ್ರ್ಯಾಂಡ್ ಹೇವನ್ ಬೀಚ್ ಹತ್ರ ಇರ್ತೀನಿ," ಎಂದು ಹೋದರು. ಅಷ್ಟರಲ್ಲಿ ಚಿಕ್ಕಮ್ಮನ ಸೈಕಲ್ ಚೈನ್ ಕಳಚಿತು. ಅಪ್ಪ ಮಂಡಿಯೂರಿ ಕೂತರು.

"ನೀವಿಬ್ಬರೂ ಮೆಲ್ಲಗೆ ಹೋಗ್ತಿರಿ," ಎಂದರು ಅಪ್ಪ, ಎಣ್ಣೆಯಾದ ಬೆರಳು ಎತ್ತಿ. "ಆದ್ರೆ ಕೇಳಿ. ಊರು ಬರೋ ಮುಂಚೆ ಒಂದು ದೊಡ್ಡ ಇಳಿಜಾರಿದೆ. ಅದಕ್ಕೆ ಸ್ವಲ್ಪ ಮುಂಚೆ ಒಂದು ಬೆಂಚು. ಅಲ್ಲಿ ನಿಂತ್ಕೊಳ್ಳಿ. ಕೆಳಗೆ ಮೇನ್ ರೋಡು. ಶನಿವಾರ ಬೇರೆ, ಬೀಚ್‌ಗೆ ಹೋಗೋ ಕಾರು ಸಾಲುಸಾಲು. ಇಳಿಯೋದು ಎಲ್ಲ ಒಟ್ಟಿಗೆ. ಆಯ್ತಾ?"

"ಓಕೆ ದೊಡ್ಡಪ್ಪ!" ಎಂದ ಋಷಿ.

ಸ್ವಲ್ಪ ದೂರ ಹೋಗಿ ತಿರುವು ದಾಟಿದರು. ಅಪ್ಪ, ಚಿಕ್ಕಮ್ಮ ಕಾಣದಾದರು. ಋಷಿ ಒಂದು ಕಾಲು ಕೆಳಗಿಟ್ಟು ನಿಂತ.

"ಫಸ್ಟ್ ಹಾಫ್ ನಾನು ಗೆದ್ದೆ."

"ನೀನಲ್ಲ. ನಿನ್ನ ಸೈಕಲ್ ಗೆದ್ದಿದ್ದು."

"ಓ, ರಿಯಲಿ?"

"ರಿಯಲಿ. ನನ್ ಸೈಕಲ್ ಕೊಟ್ರೆ ನೀನು ಪಾರ್ಕ್‌ವರೆಗೂ ಬರ್ತಿರಲಿಲ್ಲ."

ಋಷಿ ಹಸಿರು ಸೈಕಲ್ಲಿನಿಂದ ಇಳಿದ. "ಓಕೆ, ಸ್ವಾಪ್ ಮಾಡೋಣ. ನಿನ್ನ ಪಾರ್ಸೆಲ್ ನಂಗೆ ಕೊಡು. ಅದ್ರಲ್ಲೇ ನಿನ್ನ ಸೋಲಿಸ್ತೀನಿ. ಸೋತವರು ಒಂದು ತಿಂಗಳು... ನೀನು ಸೋತ್ರೆ ನನ್ನ ಅಣ್ಣ ಅನ್ಬೇಕು."

"ನೀನು ಸೋತ್ರೆ ಅಕ್ಕ ಅಂತೀಯಾ? ಎಲ್ಲರ ಮುಂದೆ?"

"ಎಲ್ಲರ ಮುಂದೆ. ಡೀಲ್."

ಇಳಾ ಹಸಿರು ಸೈಕಲ್ಲನ್ನು ನೋಡಿದಳು. ಆಮೇಲೆ ತನ್ನ ಸೈಕಲ್ಲಿನ ಬ್ರೇಕ್ ನೋಡಿದಳು. ಬಾಯಿ ತೆರೆದಳು.

ಹೇಳಬೇಕಾದ ಒಂದು ಮಾತಿತ್ತು.

ಅಪ್ಪ ಡಿಯರ್‌ಬಾರ್ನ್‌ನಲ್ಲಿ ಕಾರುಗಳ ಎಂಜಿನಿಯರ್. ಆದರೆ ಸೈಕಲ್ ರಿಪೇರಿ ಕಲಿತದ್ದು ಮೈಸೂರಿನಲ್ಲಿ, ಹುಡುಗನಾಗಿದ್ದಾಗ. ಹೊಸ ಕೇಬಲ್ ಹಾಕುವಾಗ ಅವರ ಕೈ ಊರಿನ ಹಾಗೆಯೇ ಓಡಿತ್ತು. ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ, ಎಡಗೈ ಬ್ರೇಕು ಹಿಂದಿನ ಚಕ್ರಕ್ಕೆ. ಅಮೆರಿಕದ ಸೈಕಲ್ಲುಗಳಲ್ಲಿ ಇದು ತಿರುಗುಮುರುಗು. ಅಪ್ಪನಿಗೆ ಗೊತ್ತಾದದ್ದು ಎಲ್ಲ ಬಿಗಿದು ಮುಗಿದ ಮೇಲೆ.

"ಅಯ್ಯೋ, ನಮ್ಮೂರ ಬ್ರೇಕ್ ಹಾಕ್ಬಿಟ್ಟೆ!" ಎಂದು ಅವತ್ತು ಮನೆ ಮುಂದಿನ ಡ್ರೈವ್‌ವೇನಲ್ಲಿ ಕೂತು ನಕ್ಕಿದ್ದರು. "ಮುಂದಿನ ವೀಕೆಂಡ್ ಬದಲಾಯಿಸ್ತೀನಿ. ಅಲ್ಲೀವರೆಗೂ ಎಡಗೈ ಮೊದಲು, ನೆನಪಿರ್ಲಿ. ಜೋರಾಗಿ ಹೋಗುವಾಗ ಮುಂದಿನ ಚಕ್ರ ಹಿಡಿದ್ರೆ ಪಲ್ಟಿ. ಮತ್ತೆ, ಯಾರಿಗಾದ್ರೂ ಸೈಕಲ್ ಕೊಟ್ರೆ ಹೇಳಿ ಕೊಡು."

ಮುಂದಿನ ವೀಕೆಂಡ್ ಯಾರದೋ ಬರ್ತ್‌ಡೇ ಬಂತು. ಅದರ ಮುಂದಿನದು ಮಳೆ. ಇಳಾಳ ಕೈಗೆ ಅಷ್ಟರಲ್ಲಿ ರೂಢಿಯಾಗಿಬಿಟ್ಟಿತ್ತು. ಬ್ರೇಕು ಹಾಗೇ ಉಳಿಯಿತು.

"ಏನು?" ಎಂದ ಋಷಿ. "ಇನ್ನೂ ಏನಾದ್ರೂ ಮುರಿದಿದ್ಯಾ ಇದ್ರಲ್ಲಿ?"

ಅವನ ತುಟಿಯ ತುದಿಯಲ್ಲಿ ನಗು ರೆಡಿಯಾಗಿ ನಿಂತಿತ್ತು. ಹದಿನೈದು ಡಾಲರ್, ಪಾರ್ಸೆಲ್ ಟೇಪ್, ಈಗ ಉಲ್ಟಾ ಬ್ರೇಕು ಬೇರೆ. ಚಳಿಗಾಲದ ರಜೆಯವರೆಗೂ ಇದನ್ನೇ ಹೇಳಿ ನಗುತ್ತಾನೆ.

ಇಳಾ ಬಾಯಿ ಮುಚ್ಚಿದಳು. ದಾರಿ ಸಮತಟ್ಟಾಗಿದೆ, ಬ್ರೇಕ್ ಯಾಕೆ ಬೇಕು? ಹೇಗೂ ಬೆಂಚಿನ ಹತ್ತಿರ ನಿಲ್ಲುತ್ತೇವಲ್ಲ.

"ಏನಿಲ್ಲ," ಎಂದಳು.

"ಥ್ರೀ, ಟೂ, ಒನ್!"

* * *

ಹಸಿರು ಸೈಕಲ್ ಬೆಣ್ಣೆಯ ಹಾಗೆ ಜಾರಿತು. ಒಂದು ಸಲ ತುಳಿದರೆ ಮೂರು ಸಲ ತುಳಿದಷ್ಟು ಓಟ. ಆದರೆ ಗೇರು ಬದಲಿಸುವುದು ಇಳಾಗೆ ಅಭ್ಯಾಸವಿರಲಿಲ್ಲ. ಕಟಕಟ ಎಂದು ಏನೋ ಸದ್ದಾಗಿ ಪೆಡಲ್ ಒಮ್ಮೆ ಗಟ್ಟಿ, ಒಮ್ಮೆ ಹಗುರ. ಋಷಿ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದ. ಹಳೆಯ ನೇರಳೆ ಸೈಕಲ್ ಕಿಯ್ಯೋ ಕಿಯ್ಯೋ ಎನ್ನುತ್ತಾ ಮುಂದೆ ಮುಂದೆ ಹೋಯಿತು.

ಎಡಕ್ಕೆ ಮರಗಳ ಸಂದಿಯಲ್ಲಿ ನೀಲಿ ನೀರು ಮಿಂಚಿ ಮಿಂಚಿ ಮಾಯವಾಗುತ್ತಿತ್ತು. ಎದುರುಗಾಳಿ. ಅದರಲ್ಲಿ ಸಣ್ಣ ಮರಳಿನ ಕಣಗಳು.

ಅಲ್ಲೊಂದು ಮನೆಯ ಡ್ರೈವ್‌ವೇ. ದೊಡ್ಡ ಬಿಳಿ ಕಾರೊಂದು ಹಿಂದಕ್ಕೆ ಬರುತ್ತಿತ್ತು. ಋಷಿ ಆಗಲೇ ದಾಟಿದ್ದ. ಇಳಾ ಎಡಗೈ ಬಿಗಿದಳು.

ಹಸಿರು ಸೈಕಲ್ಲಿನ ಮುಂದಿನ ಚಕ್ರ ಗಕ್ಕನೆ ನಿಂತಿತು. ಹಿಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಒಂದು ಗಳಿಗೆ ಇಳಾಗೆ ರಸ್ತೆ ಮುಖದ ಹತ್ತಿರವೇ ಕಂಡಿತು. ಆಮೇಲೆ ಸೈಕಲ್ ಧಡ್ ಎಂದು ಕೂತಿತು. ಅವಳ ಎದೆ ಹ್ಯಾಂಡಲ್ಲಿಗೆ ಗುದ್ದಿತು.

ಕಾರಿನಲ್ಲಿದ್ದ ಹೆಂಗಸು ಕಿಟಕಿ ಇಳಿಸಿದಳು. "ಆರ್ ಯೂ ಓಕೆ, ಹನಿ?"

ಇಳಾ ತಲೆಯಾಡಿಸಿದಳು.

ಇದು ಸಮತಟ್ಟು ದಾರಿ. ಇಲ್ಲೇ ಹೀಗಾದರೆ ಇಳಿಜಾರಿನಲ್ಲಿ?

ಋಷಿ ಯಾವಾಗಲೂ ಬಲಗೈ ಬ್ರೇಕ್ ಹಿಡಿಯುತ್ತಾನೆ. ಅಮೆರಿಕದ ಸೈಕಲ್ ಕಲಿತ ಕೈ ಅದು. ಆ ಸೈಕಲ್ಲಿನಲ್ಲಿ ಬಲಗೈ ಎಂದರೆ ಮುಂದಿನ ಚಕ್ರ.

ಅವನಿಗೆ ಅದು ಗೊತ್ತಿಲ್ಲ. ಗೊತ್ತಿದ್ದವಳು ತಾನೊಬ್ಬಳೇ.

"ಋಷಿ!" ಎಂದು ಕೂಗಿ ಇಳಾ ತುಳಿದಳು. "ಋಷೀ! ನಿಲ್ಲೋ! ಬ್ರೇಕ್ ಹಿಡೀಬೇಡ!"

ಗಾಳಿ ಅವಳ ಮಾತನ್ನು ಅವಳ ಬಾಯಿಗೇ ತುರುಕಿತು.

ಅವಳು ಎಡಗೈಯ ಬೆರಳುಗಳನ್ನು ಬ್ರೇಕಿನಿಂದ ಬಿಡಿಸಿ ಹ್ಯಾಂಡಲ್ಲಿಗೆ ಸುತ್ತಿದಳು. ಅವು ತಾವಾಗಿಯೇ ಮತ್ತೆ ಬ್ರೇಕಿನ ಮೇಲೆ ಹೋಗಿ ಕೂತವು. ಮತ್ತೆ ಬಿಡಿಸಿದಳು. "ಬಲ, ಬಲ, ಬಲ," ಎಂದು ತನಗೇ ಹೇಳಿಕೊಳ್ಳುತ್ತಾ ತುಳಿದಳು.

ದೂರದಲ್ಲಿ ಬೆಂಚು ಕಾಣಿಸಿತು. ನಿಲ್ಲುತ್ತಾನೆ. ದೊಡ್ಡಪ್ಪನಿಗೆ ಓಕೆ ಅಂದಿದ್ದಾನಲ್ಲ, ನಿಲ್ಲಲೇಬೇಕು.

ಋಷಿ ಹಿಂದೆ ತಿರುಗಿ ನೋಡಿದ. ಇಳಾ ಹತ್ತಿರ ಬರುತ್ತಿದ್ದಾಳೆ, ಕೂಗುತ್ತಿದ್ದಾಳೆ. ಅವನು ಹಲ್ಲು ಕಿರಿದ. ನಿಲ್ಲುವ ಬದಲು ಇನ್ನೂ ಜೋರಾಗಿ ತುಳಿದ.

ಬೆಂಚು ಅವನ ಪಕ್ಕದಲ್ಲಿ ಹಾದುಹೋಯಿತು.

"ಋಷಿ, ಸ್ಟಾಪ್! ಬ್ರೇಕ್ಸ್! ಬ್ರೇಕ್ಸ್ ಉಲ್ಟಾ ಇದೆ!"

"ಯೂ ಕಾಂಟ್ ಕ್ಯಾಚ್ ಮಿ!" ಅವನ ಕೂಗು ಮಾತ್ರ ಗಾಳಿಯಲ್ಲಿ ಚೆನ್ನಾಗಿ ಬಂತು.

ಇಳಾ ಇನ್ನೂ ಜೋರಾಗಿ ತುಳಿದಳು. ಋಷಿಯೂ ಇನ್ನೂ ಜೋರಾಗಿ ತುಳಿದ. ಅವರಿಬ್ಬರ ನಡುವಿನ ದೂರ ಕಡಿಮೆಯಾಗಲಿಲ್ಲ. ಮುಂದೆ ದಾರಿ ಒಂದು ಸಣ್ಣ ದಿಬ್ಬ ಏರಿ ಆಕಾಶಕ್ಕೆ ಮುಟ್ಟಿದ ಹಾಗಿತ್ತು. ಅದರಾಚೆ ದಾರಿಯೇ ಕಾಣುತ್ತಿರಲಿಲ್ಲ. ಕಾರುಗಳ ಹಾರ್ನ್ ಮಾತ್ರ ಕೆಳಗಿನಿಂದ ಕೇಳುತ್ತಿತ್ತು.

ಆಗ ಇಳಾಗೆ ಹೊಳೆಯಿತು. ತಾನು ಅಟ್ಟಿಸಿಕೊಂಡು ಹೋಗುವಷ್ಟು ಹೊತ್ತೂ ಅವನು ಓಡುತ್ತಾನೆ. ಜೂಟಾಟದಲ್ಲಿ ಹಿಡಿಯಲು ಬಂದವರನ್ನು ಕಂಡು ಯಾರು ನಿಲ್ಲುತ್ತಾರೆ?

ಅವಳು ತುಳಿಯುವುದನ್ನು ನಿಲ್ಲಿಸಿದಳು.

ಬಲಗೈ. ಮೆಲ್ಲಗೆ. ಹಸಿರು ಸೈಕಲ್ ನಿಂತಿತು. ಅವಳು ಅದನ್ನು ಹುಲ್ಲಿನ ಮೇಲೆ ಹಾಗೇ ಕೆಡವಿದಳು. ಎರಡು ಕೈಗಳನ್ನೂ ಬಾಯಿಗೆ ಹಿಡಿದು, ಹೊಟ್ಟೆಯ ತಳದಿಂದ ಕೂಗಿದಳು.

"ಅಣ್ಣಾ! ಋಷಿ ಅಣ್ಣಾ! ನಾನು ಸೋತೇ!"

ಗಾಳಿ ಇದನ್ನೂ ತಿಂದುಬಿಟ್ಟಿತೇ?

ಇಲ್ಲ. ದಿಬ್ಬದ ತುದಿಯಲ್ಲಿ ಋಷಿ ಪೆಡಲ್ ನಿಲ್ಲಿಸಿದ. ಏರಿನಲ್ಲಿ ಸೈಕಲ್ ನಿಧಾನವಾಯಿತು. ಅವನು ತಿರುಗಿ ನೋಡಿದ. ಮುಖದ ತುಂಬ ನಗು.

"ವಾಟ್? ಸೇ ಇಟ್ ಅಗೇನ್!"

ಹಾಗೆಂದವನೇ ನಿಲ್ಲಲು ಬಲಗೈ ಬಿಗಿದ.

ನೇರಳೆ ಸೈಕಲ್ಲಿನ ಬಾಲ ಮೇಲೆದ್ದಿತು. ಋಷಿ ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಉರುಳಿ, ದಾರಿಯ ಪಕ್ಕದ ಮರಳಿನಲ್ಲಿ ಕವುಚಿಬಿದ್ದ. ಸೈಕಲ್ ಅವನ ಕಾಲ ಮೇಲೆ ಬಿತ್ತು. ಗಾಳಿಯಲ್ಲಿ ಹಿಂದಿನ ಚಕ್ರ ಮಾತ್ರ ಟಿಕ್ ಟಿಕ್ ಟಿಕ್ ಎಂದು ತಿರುಗುತ್ತಿತ್ತು.

ಇಳಾ ಓಡಿದಳು.

* * *

ಋಷಿ ಎದ್ದು ಕೂತ. ಮುಖದ ತುಂಬ ಮರಳು. ಮೊಣಕೈ ತರಚಿ ಕೆಂಪಾಗಿತ್ತು. ಥೂ ಥೂ ಎಂದು ಉಗುಳಿದ.

"ನಿನ್ನ ಸೈಕಲ್‌ಗೆ ಹುಚ್ಚು!"

"ಹಲ್ಲು ನೋಡ್ತೀನಿ, ಬಾಯಿ ತೆಗಿ."

"ಯಾಕೆ?"

"ತೆಗಿಯೋ!"

ಅವನು ಬಾಯಿ ತೆರೆದ. ಮುಂದಿನ ಎರಡು ದೊಡ್ಡ ಹಲ್ಲೂ ಇದ್ದಲ್ಲೇ ಇದ್ದವು. ಒಂದರ ಮೇಲೆ ಪುಳಿಯೋಗರೆಯ ಸಾಸಿವೆ. ಇಳಾ ಅವನ ಪಕ್ಕದಲ್ಲಿ ಕುಸಿದು ಕೂತಳು.

ಅಲ್ಲಿಂದ ಎಲ್ಲ ಕಾಣುತ್ತಿತ್ತು. ದಾರಿ ಜಾರುಬಂಡಿಯ ಹಾಗೆ ಕೆಳಕ್ಕಿಳಿದು ನೇರ ಮೇನ್ ರೋಡಿಗೆ ಸೇರಿತ್ತು. ಕಾರು, ಕಾರಿನ ಹಿಂದೆ ಕಾರು, ಬೋಟು ಎಳೆದುಕೊಂಡು ಹೋಗುವ ಟ್ರಕ್ಕು. ಋಷಿಯೂ ನೋಡಿದ.

"ಆ ಸೈಕಲ್‌ದು ಬ್ರೇಕ್ ಉಲ್ಟಾ," ಎಂದಳು ಇಳಾ. "ಬಲಗೈ ಫ್ರಂಟು. ಅಪ್ಪ ಇಂಡಿಯಾ ಥರ ಹಾಕಿದಾರೆ."

"ನಿಂಗೆ ಗೊತ್ತಿತ್ತಾ?"

"ಹೂಂ."

"ಮತ್ತೆ ಹೇಳ್ಬೇಕು ತಾನೇ?"

"ನೀನು ನಗ್ತಿದ್ದೆ."

ಋಷಿ ಮೊಣಕೈ ಮೇಲಿನ ಮರಳನ್ನು ಊದಿದ. ಯೋಚಿಸಿದ.

"ಹೌದು," ಎಂದ. "ನಗ್ತಿದ್ದೆ."

ಹಿಂದಿನಿಂದ ಅಪ್ಪನ ಬೆಲ್ ಸದ್ದು ಕೇಳಿತು. ಜೊತೆಗೆ ಚಿಕ್ಕಮ್ಮನ ಗಾಬರಿಯ ದನಿ. "ಋಷಿ! ಏನಾಯ್ತೋ? ಬೆಂಚ್ ಹತ್ರ ನಿಲ್ಲಿ ಅಂದಿರ್ಲಿಲ್ವಾ?"

ಋಷಿ ಇಳಾಳ ಕಡೆ ನೋಡಿದ. "ಮರಳಲ್ಲಿ ಜಾರ್‌ಬಿಟ್ಟೆ ಮಾಮ್. ದಟ್ಸ್ ಆಲ್."

ಅಲ್ಲಿಗೆ ಅದು ಮುಗಿಯುತ್ತಿತ್ತು. ಚಿಕ್ಕಮ್ಮ ಆಗಲೇ ಬ್ಯಾಗಿನಲ್ಲಿ ಬ್ಯಾಂಡ್‌ಏಡ್ ಹುಡುಕುತ್ತಿದ್ದರು. ಅಪ್ಪ ನೇರಳೆ ಸೈಕಲ್ಲನ್ನು ಎತ್ತಿ ನಿಲ್ಲಿಸುತ್ತಿದ್ದರು. ಇಳಾ ಎದ್ದು ನಿಂತಳು.

"ಜಾರಿದ್ದಲ್ಲ. ನನ್ನ ಸೈಕಲ್ ಅವನಿಗೆ ಕೊಟ್ಟೆ. ಬ್ರೇಕ್ ವಿಷಯ ಹೇಳ್ಲಿಲ್ಲ."

ಅಪ್ಪನ ಕೈ ಹ್ಯಾಂಡಲ್ ಮೇಲೆ ಹಾಗೇ ನಿಂತಿತು. ಅವರು ಇಳಿಜಾರನ್ನು ನೋಡಿದರು. ಕೆಳಗಿನ ರೋಡನ್ನು ನೋಡಿದರು. ಆಮೇಲೆ ಋಷಿಯನ್ನು ನೋಡಿದರು.

"ಏನು ಬ್ರೇಕ್ ವಿಷಯ?" ಎಂದರು ಚಿಕ್ಕಮ್ಮ. ಇಳಾ ಬಿಡಿಸಿ ಹೇಳಿದ್ದನ್ನು ಕೇಳಿ ಅವರ ಮುಖ ಬಿಳಿಚಿತು. "ಭಾವ! ಮೂವತ್ತೆರಡು ಡಾಲರ್ ಉಳೀತು ಅಂತ ಹೇಳ್ತಿದ್ರಲ್ಲ ಬೆಳಗ್ಗೆ!"

ಅಪ್ಪ ಜೋಕ್ ಮಾಡಲಿಲ್ಲ. ಯಾವಾಗಲೂ ಏನಾದರೊಂದು ಮಾಡುತ್ತಿದ್ದರು.

"ಮುಂದಿನ ವೀಕೆಂಡ್, ಮುಂದಿನ ವೀಕೆಂಡ್ ಅಂತ ನಾನೇ ಬಿಟ್ಟೆ," ಎಂದರು ಮೆಲ್ಲಗೆ. "ತಪ್ಪಾಯ್ತು ಋಷಿ."

ದೊಡ್ಡವರು ತನಗೆ ಹಾಗೆ ಹೇಳಿದ್ದನ್ನು ಋಷಿ ಯಾವತ್ತೂ ಕೇಳಿರಲಿಲ್ಲ. "ಇಟ್ಸ್ ಓಕೆ ದೊಡ್ಡಪ್ಪ, ಇದು ಫಾಸ್ಟಾಗೇ ಹೋಗತ್ತೆ," ಎಂದ.

ಅಪ್ಪ ಬೆಂಚಿನ ಪಕ್ಕ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದರು. ಬ್ಯಾಗಿನಿಂದ ಸ್ಪ್ಯಾನರ್ ತೆಗೆದರು. ಇಳಾ ಕೇಬಲ್ಲಿನ ತುದಿ ಹಿಡಿದುಕೊಂಡಳು. ಬಿಚ್ಚಿದ್ದು, ಅದಲುಬದಲು ಮಾಡಿ ಮತ್ತೆ ಬಿಗಿದದ್ದು, ಎಲ್ಲ ಸೇರಿ ಋಷಿ ಒಂದು ಚಿಪ್ಸ್ ಪ್ಯಾಕೆಟ್ ಖಾಲಿ ಮಾಡುವಷ್ಟು ಹೊತ್ತೂ ಆಗಲಿಲ್ಲ. ಇಷ್ಟು ಚಿಕ್ಕ ಕೆಲಸ.

ಅಪ್ಪನಿಗೂ ಅದೇ ಅನ್ನಿಸಿರಬೇಕು. ಕೆಲಸ ಮುಗಿದ ಮೇಲೂ ಅವರು ಸ್ಪ್ಯಾನರನ್ನು ಕೈಯಲ್ಲೇ ಹಿಡಿದು ಕೂತಿದ್ದರು.

"ಇನ್ನು ಬಲಗೈ ಮೊದಲು," ಎಂದರು ಕೊನೆಗೆ. "ಎಲ್ಲರ ಥರ."

"ನನ್ನ ಕೈ ಮರೆಯಲ್ಲ ಅಪ್ಪ. ಎಡಗೈನೇ ಹೋಗತ್ತೆ."

"ಅದಕ್ಕೇ ಈ ಇಳಿಜಾರು ಯಾರೂ ಓಡಿಸೋದು ಬೇಡ. ನಡ್ಕೊಂಡು ಹೋಗೋಣ."

ನಾಲ್ವರೂ ಸೈಕಲ್ ತಳ್ಳಿಕೊಂಡು ಇಳಿದರು. ಇಳಾ ಪ್ರತಿ ಹೆಜ್ಜೆಗೂ ಬಲಗೈ ಬ್ರೇಕನ್ನು ಒತ್ತಿ ಒತ್ತಿ ನೋಡಿದಳು. ನಡೆಯುವಾಗಲೂ ಸೈಕಲ್ ಕೈಯಿಂದ ಕಿತ್ತುಕೊಂಡು ಓಡಲು ನೋಡುತ್ತಿತ್ತು. ಅಷ್ಟು ಇಳಿಜಾರು.

ಕೆಳಗೆ ಕಾರುಗಳು ನಿಂತು ದಾರಿ ಬಿಟ್ಟವು. ಆಚೆ ಬದಿಗೆ ಹೋದ ಮೇಲೆ ಸರೋವರ ಪೂರ್ತಿ ತೆರೆದುಕೊಂಡಿತು. ಕೆಂಪು ಲೈಟ್‌ಹೌಸು, ಬಿಸಿಲು, ಜನ. ಐಸ್‌ಕ್ರೀಮ್ ಅಂಗಡಿಯ ಮುಂದೆ ಅಮ್ಮ ಕೈ ಬೀಸುತ್ತಿದ್ದರು.

"ಯಾಕಿಷ್ಟು ಲೇಟು? ಈಸಿ ರೈಡ್ ಅಂತಿದ್ರಿ?"

ಅಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು.

"ಅಪ್ಪ ಹೇಳ್ತಾರೆ," ಎಂದಳು ಇಳಾ. "ನಾನೂ ಹೇಳ್ತೀನಿ. ಮೊದಲು ಐಸ್‌ಕ್ರೀಮ್."

ಋಷಿ ಅವಳ ಮೊಣಕೈಗೆ ತಿವಿದ. "ಡೀಲ್ ಈಸ್ ಡೀಲ್. ಎಲ್ಲರ ಮುಂದೆ."

ಇಳಾ ಉಸಿರೆಳೆದುಕೊಂಡಳು. "ಋಷಿ ಅಣ್ಣ, ನಿಂಗೆ ಯಾವ ಫ್ಲೇವರ್?"

ಅಮ್ಮ, ಚಿಕ್ಕಮ್ಮ ಇಬ್ಬರೂ ತಿರುಗಿ ನೋಡಿದರು. ಋಷಿಯ ಕಿವಿ ಕೆಂಪಾಯಿತು.

"ಇಟ್ ಸೌಂಡ್ಸ್ ವಿಯರ್ಡ್," ಎಂದ. "ಚಾಕಲೇಟ್."

ಇಬ್ಬರೂ ಮರಳಿನಲ್ಲಿ ಕೂತು ತಿಂದರು. ಇಳಾ ಪಂದ್ಯ ಸೋತಿದ್ದಳು. ಇನ್ನು ಒಂದು ತಿಂಗಳು ತನಗಿಂತ ಚಿಕ್ಕವನನ್ನು ಅಣ್ಣ ಎನ್ನಬೇಕು. ಋಷಿಯ ಮೊಣಕೈಯಿಂದ ಒಂದು ನಾಣ್ಯದಷ್ಟು ಚರ್ಮ ಹೋಗಿತ್ತು. ಅವನ ಮುಂದಿನ ಎರಡು ಹಲ್ಲು ಇದ್ದವು. ಅವುಗಳಿಂದಲೇ ಅವನು ಕೋನ್ ಕಚ್ಚಿದ, ಕರಕ್ ಎಂದು. ಇಳಾ ಆ ಸದ್ದು ಮುಗಿಯುವವರೆಗೂ ಕೇಳುತ್ತಾ ಕೂತಳು.